ಅಕ್ಷಶಾಲೆಯೂ ಯಂತ್ರಶಾಲೆಯೂ

ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಪ್ರಕಟಿಸಿದಂದಿನಿಂದ, ಆಧುನಿಕ ವಿದ್ಯೆಗಳೆಲ್ಲವನ್ನೂ ಅದರಲ್ಲಿ ಕಾಣುವ ಚಾಪಲ್ಯವು ಆಗಾಗ ತಲೆದೋರುವುದುಂಟು. ದ್ವಿತೀಯಾಧಿಕರಣದ ಅಕ್ಷಶಾಲೆಯನ್ನು ಇಂದಿನ ಕಾರ್ಖಾನೆಯ ಯಂತ್ರವಿನ್ಯಾಸಕ್ಕೆ ಮೂಲವೆನ್ನುವುದೂ ಇಂತಹುದೇ. (ಅಕ್ಕಸಾಲಿಗನೆಂಬ ಕನ್ನಡ ಮಾತಿಗೂ ಈ ಶಬ್ದವೇ ಮೂಲವೆನ್ನಬಹುದು.)

ಸುವರ್ಣಾಧ್ಯಕ್ಷನು ಕಟ್ಟಿಸತಕ್ಕ ಈ ಚತುಶ್ಶಾಲೆಗೆ ಬಾಗಿಲು ಒಂದೇ. ಕೆಲಸದ ಕೋಣೆಗಳು ಪರಸ್ಪರ ಅಸಂಬದ್ಧವಾಗಿರತಕ್ಕದ್ದು. ಈ ವಿಶೇಷಣದಲ್ಲಿಯೇ ಗ್ರಂಥಕಾರನ ಅಭಿಪ್ರಾಯವೆಲ್ಲ ಅಡಗಿದೆ. ಒಳಹೊಗುವವರ ಮತ್ತು ಹೊರಡುವವರ ಉಡುಪನ್ನೂ ಕೈಯನ್ನೂ ಶೋಧಿಸಬೇಕೆಂದೂ, ಉಪಕರಣಗಳೂ ಮುಗಿಯದ ಒಡವೆಗಳೂ ಅಲ್ಲಿಯೇ ಇರಬೇಕೆಂದೂ ಮುಂದೆ ವಿಧಿಸಿರುವುದರಿಂದ, ಚಿನ್ನದ ರಕ್ಷಣೆಯೇ ಇಲ್ಲಿ ವಿವಕ್ಷಿತವೆಂಬುದು ಸ್ಪಷ್ಟ. ಯಂತ್ರಶಾಲೆಯಲ್ಲಾದರೋ ಪದಾರ್ಥವು ಒಂದು ಯಂತ್ರದಿಂದ ಮತ್ತೊಂದಕ್ಕೆ ತಡೆಯಿಲ್ಲದೆ ಸಾಗುವ ಸಂಬಂಧವೇ ಪ್ರಧಾನ. ಅದನ್ನು ಈ ಸೂತ್ರದಿಂದ ಹೊರಡಿಸುವುದು ವ್ಯಾಕರಣಕ್ಕೂ ಸಲ್ಲದು, ಪ್ರಕರಣಕ್ಕೂ ಸಲ್ಲದು.

ಮುಂದೆ ಬರಬಹುದಾದ ಸಲಕರಣೆಗೆ ಸ್ಥಳ ಬಿಡುವ ವಿಚಾರವನ್ನು ಈ ಪ್ರಕರಣದಲ್ಲಿ ಎತ್ತಿಲ್ಲ. ಅದು ನ್ಯೂನತೆಯಲ್ಲ. ಅಕ್ಕಸಾಲಿಗನ ಅಡಿಗಲ್ಲನ್ನೂ ಅಗ್ಗಿಷ್ಟಿಕೆಯನ್ನೂ ಇಬ್ಬರು ಎತ್ತಿ ಬೇರೆಡೆಯಲ್ಲಿಡಬಹುದು. ತಳಪಾಯಕ್ಕೆ ಬಿಗಿದ ಯಂತ್ರಕ್ಕೆ ಆ ಸೌಲಭ್ಯವೆಲ್ಲಿ? ಅಮೆರಿಕದ ವಾಸ್ತುಶಿಲ್ಪಿ ಆಲ್ಬರ್ಟ್ ಕಾನನು ಫೋರ್ಡ್ ಕಂಪನಿಗಾಗಿ ಹೈಲೆಂಡ್ ಪಾರ್ಕಿನಲ್ಲಿ ರಚಿಸಿದ ಕಾರ್ಖಾನೆಯು 1910ರಲ್ಲಿ ತೆರೆದಾಗ ನಾಲ್ಕು ಅಂತಸ್ತಿನದಾಗಿದ್ದಿತು. 1913ರಲ್ಲಿ ಅಲ್ಲಿ ಚಲಿಸುವ ಜೋಡಣೆಯ ಸಾಲು ಬಂದಿತು. ಸಾಮಾನನ್ನು ಅಂತಸ್ತಿನಿಂದಂತಸ್ತಿಗೆ ಏರಿಸಿ ಇಳಿಸುವುದೇ ಆಗ ತೊಡಕಾಯಿತು. ರೂಜ್ ನದಿಯ ದಡದಲ್ಲಿ ಒಂದೇ ಅಂತಸ್ತಿನ ವಿಶಾಲ ಶಾಲೆಗಳೆದ್ದು, 1927ರಲ್ಲಿ ಕಾರಿನ ಕಡೆಯ ಜೋಡಣೆಯೂ ಅಲ್ಲಿಗೇ ಹೋಯಿತು.