ಎರಡಾಗಿ ಕಂಡದ್ದೆಲ್ಲ ಜೋಡಿ ಅಚ್ಚಲ್ಲ

ಆನೆಯ ಚಿತ್ರವಿರುವ ಟಿಪ್ಪು ಕಾಲದ ತಾಮ್ರದ ಕಾಸನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಓದುಗರಲ್ಲಿ ಕೆಲವರಾದರೂ ನೋಡಿರಬಹುದು. ಇಂಥ ಕಾಸಿನಲ್ಲಿ ಸೊಂಡಿಲೋ ಬರಹವೋ ಎರಡೆರಡಾಗಿ ಕಂಡರೆ ಅದನ್ನು ‘ಡಬಲ್ ಡೈ’ ಎಂದು ಕರೆದು ಹೆಚ್ಚು ಬೆಲೆ ಹೇಳುವುದುಂಟು. ಈ ವಿವರಣೆ ಪರೀಕ್ಷೆಗೆ ನಿಲ್ಲುತ್ತದೆಯೇ?

ಮೊದಲು ಪದದ ಅರ್ಥ ತಿಳಿಯೋಣ. ಯಂತ್ರಯುಗದ ಟಂಕಸಾಲೆಯಲ್ಲಿ ಪ್ರತಿ ಅಚ್ಚನ್ನೂ ಕೈಯಲ್ಲಿ ಕೊರೆಯುವುದಿಲ್ಲ. ಚಿತ್ರ ಉಬ್ಬಾಗಿರುವ ‘ಹಬ್’ ಎಂಬ ಉಕ್ಕಿನ ತುಂಡನ್ನು ಒತ್ತಿ ಅಚ್ಚಿನಲ್ಲಿ ತಗ್ಗು ಮೂಡಿಸುತ್ತಾರೆ. ಹಿಂದೆ ಒಂದೇ ಒತ್ತಿಗೆ ಚಿತ್ರ ಪೂರ್ತಿ ಮೂಡದಿದ್ದುದರಿಂದ ಅಚ್ಚನ್ನು ಕಾಯಿಸಿ, ಮೆದುವಾಗಿಸಿ, ಮತ್ತೆ ಒತ್ತುತ್ತಿದ್ದರು. ಎರಡನೆಯ ಒತ್ತು ತುಸು ತಿರುಗಿ ಬಿದ್ದರೆ ಅಚ್ಚಿನಲ್ಲೇ ಎರಡು ಚಿತ್ರ ಮೂಡುತ್ತದೆ. ಇದು ನಿಜವಾದ ಜೋಡಿ ಅಚ್ಚು. 1955ರ ಅಮೆರಿಕದ ಒಂದು ಸೆಂಟ್ ಇದಕ್ಕೆ ಪ್ರಸಿದ್ಧ ಉದಾಹರಣೆ.

ಇನ್ನು ಟಿಪ್ಪುವಿನ (1782–1799) ನಾಣ್ಯಗಳು. ತಾಮ್ರದ ಪೈಸೆಗೆ ಆತ ‘ಜೊಹ್ರಾ’, ಅಂದರೆ ಶುಕ್ರ ಎಂಬ ಹೆಸರಿಟ್ಟಿದ್ದ. ಅರ್ಧ ಪೈಸೆ ‘ಬಹ್ರಾಮ್’, ಅಂದರೆ ಮಂಗಳ. ಇವುಗಳ ಅಚ್ಚು ಕೈಯಲ್ಲಿ ಕೊರೆದದ್ದು. ಕೆಳ ಅಚ್ಚಿನ ಮೇಲೆ ಬಿಲ್ಲೆ ಇಟ್ಟು, ಮೇಲಚ್ಚು ಹಿಡಿದು, ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಹಬ್ಬೇ ಇಲ್ಲದ ಮೇಲೆ ಹಬ್ಬಿನ ತಪ್ಪು ಎಲ್ಲಿಂದ ಬರಬೇಕು? ಮೇಲಚ್ಚು ಪುಟಿದಾಗ ಅಥವಾ ಬಿಲ್ಲೆ ಜರುಗಿದಾಗ ಇನ್ನೊಂದು ಏಟು ಬಿದ್ದಿರುತ್ತದೆ. ಆಗ ಮೊದಲ ಚಿತ್ರ ಎರಡನೆಯದರ ಅಡಿ ಚಪ್ಪಟೆಯಾಗಿ ಅರೆಬರೆ ಉಳಿಯುತ್ತದೆ. ಇದನ್ನು ಎರಡೇಟಿನ ನಾಣ್ಯ ಎನ್ನುವುದೇ ಸರಿ.

ನಿಮ್ಮ ಜೇಬಿನ ರೂಪಾಯಿಯನ್ನೂ ಹತ್ತು ಪಟ್ಟಿನ ಮಸೂರದಲ್ಲಿ ನೋಡಿ. ಅಕ್ಷರದ ಪಕ್ಕದಲ್ಲಿ ಚಪ್ಪಟೆ ಮೆಟ್ಟಿಲು ಕಂಡು, ಅಕ್ಷರವೇ ಅಷ್ಟು ಸಣ್ಣದಾಗಿದ್ದರೆ, ಸಡಿಲ ಅಚ್ಚು ಒತ್ತಿದ ಕೂಡಲೇ ಜರುಗಿದೆ ಎಂದರ್ಥ. ಅಕ್ಷರದ ಅಂಚು ಊದಿಕೊಂಡಂತೆ ಮಸುಕಾಗಿದ್ದರೆ ಅಚ್ಚು ಸವೆದಿದೆ. ನಿಜವಾದ ಜೋಡಿ ಅಚ್ಚಿನಲ್ಲಾದರೋ ಎರಡೂ ಚಿತ್ರಗಳು ದುಂಡಗೆ ಉಬ್ಬಿರುತ್ತವೆ. ಅಕ್ಷರದ ತುದಿಯಲ್ಲಿ ಸೀಳು ಕಾಣುತ್ತದೆ.

ಕೊರೆಯುವವನೇ ಗೆರೆಯನ್ನು ಎರಡು ಸಲ ಕೊರೆದಿರಬಾರದೇಕೆ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ ಹಾಗಾಗಿದ್ದರೆ ಆ ಅಚ್ಚಿನಿಂದ ಮುಂದೆ ಹೊಡೆದ ಪ್ರತಿ ಕಾಸಿನಲ್ಲೂ ಅದೇ ಜಾಗದಲ್ಲಿ ಅದೇ ಜೋಡಿ ಗೆರೆ ಇರಲೇಬೇಕು. ಅಂಚಿನ ಚುಕ್ಕೆಗಳ ಸ್ಥಾನ, ಅಚ್ಚಿನ ಬಿರುಕು ಇವುಗಳಿಂದ ಒಂದೇ ಅಚ್ಚಿನ ಕಾಸುಗಳನ್ನು ಗುರುತಿಸಬಹುದು. ಎರಡೇಟು ಮಾತ್ರ ಕಾಸಿನಿಂದ ಕಾಸಿಗೆ ಬೇರೆ. ಆದ್ದರಿಂದ ಒಂದೇ ಕಾಸನ್ನು ತೋರಿಸಿ ‘ಡಬಲ್ ಡೈ’ ಎನ್ನುವವರು ಸಾಕ್ಷ್ಯದ ಅರ್ಧವನ್ನಷ್ಟೇ ಮುಂದಿಟ್ಟಂತೆ.

ಹೆಸರಿನ ತಪ್ಪಿಗೆ ಕೊಳ್ಳುವವರ ಹಣವಷ್ಟೇ ಹೋಗುವುದಿಲ್ಲ. ಸುತ್ತಿಗೆ ಹಿಡಿದವನ ಕೆಲಸದ ಕ್ರಮ ತಿಳಿಸುವ ಗುರುತೂ ಮರೆಯಾಗುತ್ತದೆ. ಹೊಳಪಿಗಾಗಿ ಕಾಸನ್ನು ಹುಣಸೆಹಣ್ಣಿನಿಂದ ಉಜ್ಜಿದರೂ ಅಷ್ಟೇ ನಷ್ಟ.

ಶಿಕ್ಷಕರು ತರಗತಿಯಲ್ಲಿ ಇದನ್ನು ಮಾಡಿ ತೋರಿಸಬಹುದು. ಮೆದು ಸಾಬೂನಿಗೆ ಒಂದು ನಾಣ್ಯವನ್ನು ಒತ್ತಿ, ತುಸು ತಿರುಗಿಸಿ, ಮತ್ತೆ ಒತ್ತಿ. ಈ ಅಚ್ಚಿನಲ್ಲಿ ತೆಗೆದ ಜೇಡಿಮಣ್ಣಿನ ಬಿಲ್ಲೆಗಳೆಲ್ಲ ಒಂದೇ ಬಗೆಯಲ್ಲಿ ಜೋಡಿಯಾಗಿರುತ್ತವೆ. ಇನ್ನೊಂದು ಸಾಬೂನಿಗೆ ನಾಣ್ಯವನ್ನು ಒಮ್ಮೆ ಮಾತ್ರ ಒತ್ತಿ, ಮಣ್ಣಿನ ಬಿಲ್ಲೆಯನ್ನು ಎರಡು ಸಲ ಅದುಮಿ. ಹತ್ತು ಬಿಲ್ಲೆಗೆ ಹತ್ತು ರೂಪ! ತಪ್ಪು ಅಚ್ಚಿನದೋ ಏಟಿನದೋ ಎಂಬುದನ್ನು ಮಕ್ಕಳೇ ಹೇಳುತ್ತಾರೆ.