ಮದರ್‌ಬೋರ್ಡಿಗೆ ನೇಮ್ ಪ್ಲೇಟ್ ಯಾಕಿಲ್ಲ?

ಹೋದ ಏಪ್ರಿಲ್‌ನಲ್ಲಿ ಜಗಳೂರಿಂದ ಅಕ್ಕನ ಮಗ ಫೋನ್ ಮಾಡಿದ. "ಮಾವ, ಗೇಮ್ ಅರ್ಧ ಗಂಟೆ ಚೆನ್ನಾಗಿ ಓಡ್ತೈತೆ, ಆಮೇಲೆ ಎತ್ತಿನಗಾಡಿ ಆಗ್ತೈತೆ. ಮದುವೆ ವಿಡಿಯೋ ಎಕ್ಸ್‌ಪೋರ್ಟಿಗೆ ಹಾಕಿದ್ರೂ ಅದೇ ಕಥೆ."

ಗೇಮಿನ ವಿಷಯ ಬಿಡಿ, ವಿಡಿಯೋ ಅವನ ಸಂಪಾದನೆ. ಸ್ಟುಡಿಯೋದವರು ಕೊಟ್ಟ ಮದುವೆ ಫೂಟೇಜ್ ಎಡಿಟ್ ಮಾಡಿಕೊಟ್ಟೇ ಎರಡು ವರ್ಷ ದುಡ್ಡು ಕೂಡಿಟ್ಟು ಆ ಕಂಪ್ಯೂಟರ್ ಕಟ್ಟಿಸಿದ್ದ. ಏನೇನು ತಗೋಬೇಕು ಅಂತ ಪಟ್ಟಿ ಕೊಟ್ಟವನು ನಾನೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಕಡೆ ನಮ್ಮ ನೆಂಟರಿದ್ದಾರೆ. ಬಿಇ ಓದಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತಾನೆ ಅಂದಮೇಲೆ ಕಂಪ್ಯೂಟರ್ ಬಗ್ಗೆ ಎಲ್ಲಾ ಗೊತ್ತಿರುತ್ತೆ ಅಂತ ಅವರ ನಂಬಿಕೆ. ನಾನು ಅವನಿಗೆ ಹೇಳಿದ್ದು ಇಷ್ಟು: "ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ದುಡ್ಡು ಹಾಕು. ಬೋರ್ಡ್ ಯಾವುದಾದ್ರೂ ನಡೆಯುತ್ತೆ." ಹಂಗೇ ಮಾಡಿದ. ಇಂಟೆಲ್ ಐ7-12700ಎಫ್ ತಗೊಂಡು, ಅದನ್ನ ಅಂಗಡಿಯಲ್ಲಿದ್ದ ಅತಿ ಅಗ್ಗದ ಬೋರ್ಡಿನ ಮೇಲೆ ಕೂರಿಸಿದ.

ಭಾನುವಾರ ಹೋಗಿ ನೋಡಿದೆ. ತಗಡಿನ ಮನೆ, ಮಧ್ಯಾಹ್ನ ಮೂರು ಗಂಟೆ, ಗೋಡೆಯೇ ಬಿಸಿ. ಪ್ರೊಸೆಸರ್ ಬಿಸಿ ನೋಡಿದರೆ 70 ಡಿಗ್ರಿ ಒಳಗೇ ಇದೆ, ಗ್ರಾಫಿಕ್ಸ್ ಕಾರ್ಡೂ ಸರಿ ಇದೆ. ಆದರೆ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ 'ವಿಆರ್ ಥರ್ಮಲ್' ಅನ್ನೋ ಸಾಲು 'ಯೆಸ್' ತೋರಿಸ್ತಿತ್ತು. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನನ್ನು ಬೋರ್ಡಿಗೆ ತಿರುಗಿಸಿದೆ. ಎರಡು ನಿಮಿಷಕ್ಕೆ ವೇಗ ವಾಪಸ್ ಬಂತು. ತಪ್ಪು ಬೋರ್ಡಿನದು, ಅಂದರೆ ನನ್ನದು.

ಏನಾಗಿತ್ತು ಅಂದರೆ, ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಬರೋದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾಗೋದು ಸುಮಾರು 1.2 ವೋಲ್ಟ್. ಇಳಿಸಿಕೊಡುವ ಕೆಲಸ ವಿಆರ್‌ಎಂ ಎಂಬ ಭಾಗದ್ದು. ಪ್ರೊಸೆಸರ್ ಸುತ್ತ ಕಾಣೋ ಚಿಕ್ಕ ಚೌಕದ ಚೋಕ್‌ಗಳು, ಪಕ್ಕದ ಮಾಸ್‌ಫೆಟ್‌ಗಳು, ಕೆಪಾಸಿಟರ್‌ಗಳು ಸೇರಿ ಅದು ಆಗುತ್ತೆ. 12700ಎಫ್ ಪೆಟ್ಟಿಗೆ ಕಥೆಯೆಲ್ಲ 65 ವಾಟ್ ಸುತ್ತ ಇರುತ್ತೆ, ಆದರೆ ಟರ್ಬೊದಲ್ಲಿ ಅದರ ಮಿತಿ 180 ವಾಟ್. 1.2 ವೋಲ್ಟಿನಲ್ಲಿ 180 ವಾಟ್ ಅಂದರೆ 150 ಆಂಪ್. ವಿಆರ್‌ಎಂ ನೂರಕ್ಕೆ 90ರಷ್ಟು ದಕ್ಷ ಅಂತ ಇಟ್ಟುಕೊಂಡರೂ 20 ವಾಟ್ ಅಲ್ಲೇ ಬಿಸಿಯಾಗಿ ಉಳಿಯುತ್ತೆ. ಎರಡು ಎಲ್‌ಇಡಿ ಬಲ್ಬಿನಷ್ಟು ಶಕ್ತಿ, ಬೆರಳಗಲದ ಜಾಗದಲ್ಲಿ. ನಮ್ಮ ಹುಡುಗನ ಬೋರ್ಡಿನ ಮಾಸ್‌ಫೆಟ್‌ಗಳ ಮೇಲೆ ಹೀಟ್‌ಸಿಂಕೇ ಇರಲಿಲ್ಲ. ಬಿಸಿ ಮಿತಿ ದಾಟಿದಾಗ ಬೋರ್ಡು ಪ್ರೊಸೆಸರ್‌ಗೆ "ನಿಧಾನ ಮಾಡು" ಅಂತ ಹೇಳ್ತಿತ್ತು, ಅಷ್ಟೇ.

ಈಗ ಪೆಟ್ಟಿಗೆಗೆ ಬರ್ತೀನಿ, ನನ್ನ ತಕರಾರು ಇರೋದು ಅದರ ಮೇಲೆ. ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ '8 ಫೇಸ್' ಅಂತ ಬರೆದಿತ್ತು. ಪಕ್ಕದಲ್ಲಿ ಕೂತಿದ್ದ ಭಾವ ಕೇಳಿದರು: "ಇದರಲ್ಲೂ ಫೇಸ್ ಐತೇನಪ್ಪ? ನಮ್ಮ ಬೋರಿಗೆ ಮೂರೇ ಫೇಸು, ಅದೂ ದಿನಕ್ಕೆ ಇಷ್ಟೇ ತಾಸು."

ಭಾವ ತಮಾಷೆಗೆ ಕೇಳಿದ್ದಲ್ಲ, ತತ್ವ ಎರಡೂ ಕಡೆ ಹತ್ತಿರದ್ದೇ. ಒಂದರ ಹಿಂದೆ ಒಂದು ಸರದಿಯಲ್ಲಿ ಕೆಲಸ ಮಾಡ್ತವೆ, ಭಾರ ಹಂಚಿಹೋಗುತ್ತೆ, ಕರೆಂಟು ನಯವಾಗುತ್ತೆ. ಆದರೆ ಆ ಎಂಟರ ಲೆಕ್ಕ ನೋಡಿ. ಒಂದು ಫೇಸ್ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ಗೆ. 'ಎಫ್' ಅಂತ ಕೊನೆಯಾಗುವ ಪ್ರೊಸೆಸರ್‌ನಲ್ಲಿ ಆ ಗ್ರಾಫಿಕ್ಸೇ ಇಲ್ಲ. ಇನ್ನೊಂದು ಬೇರೆ ಚಿಲ್ಲರೆ ಕೆಲಸಕ್ಕೆ. ಉಳಿದದ್ದು ಆರು. ಆ ಆರಕ್ಕೂ ಬೇರೆ ಬೇರೆ ಸರದಿ ಇದೆಯಾ, ಅಥವಾ ಮೂರೇ ಸರದಿಗೆ ಜೋಡಿ ಜೋಡಿ ಕಟ್ಟಿದ್ದಾರಾ? ಪೆಟ್ಟಿಗೆ ಹೇಳಲ್ಲ. ಜೋಡಿ ಕಟ್ಟೋದು ಮೋಸ ಅಲ್ಲ, ಭಾರ ಹಂಚೋಕೆ ಅದೂ ಒಳ್ಳೆಯ ದಾರಿಯೇ. ಆದರೆ ಒಂದೊಂದು ಎಷ್ಟು ಆಂಪ್ ಹೊರುತ್ತೆ, ಎಷ್ಟು ಡಿಗ್ರಿ ಬಿಸಿಯಲ್ಲಿ ಹೊರುತ್ತೆ ಅನ್ನೋದು ಗೊತ್ತಿಲ್ಲದೆ ಫೇಸ್ ಎಣಿಸೋದು, ಎಷ್ಟು ಜನ ಆಳು ಬಂದರು ಅಂತ ಎಣಿಸಿ ಎಷ್ಟು ಮೂಟೆ ಹೊತ್ತರು ಅಂತ ಕೇಳದೇ ಕೂಲಿ ಕೊಟ್ಟಂಗೆ.

ಭಾವನ ತೋಟದ ಮೋಟರ್ ನೆನಪಿಸಿಕೊಳ್ಳಿ. ಅದರ ಮೈಮೇಲೆ ಒಂದು ತಗಡಿನ ಚೂರು ಹೊಡೆದಿರುತ್ತೆ. ಎಷ್ಟು ಎಚ್‌ಪಿ, ಎಷ್ಟು ವೋಲ್ಟ್, ಎಷ್ಟು ಆಂಪ್, ಎಷ್ಟು ಆರ್‌ಪಿಎಂ, ಯಾವ ಇನ್ಸುಲೇಷನ್ ಕ್ಲಾಸ್. ಇಂಥ ಮೋಟರ್‌ಗಳ ಸಾಮರ್ಥ್ಯದ ಲೆಕ್ಕವನ್ನು ಸುತ್ತಲ ಗಾಳಿ 40 ಡಿಗ್ರಿ ಅಂತ ಇಟ್ಟುಕೊಂಡೇ ಹಾಕೋದು ವಾಡಿಕೆ. ಶಾಲೆ ಬಿಟ್ಟ ರೈತನೂ ಆ ತಗಡು ಓದಿ ಸ್ಟಾರ್ಟರ್, ಕೇಬಲ್ ತರ್ತಾನೆ. ಬಣ್ಣದ ಲೈಟು, ಡ್ರ್ಯಾಗನ್ ಚಿತ್ರ ಇರೋ ಮದರ್‌ಬೋರ್ಡ್ ಪೆಟ್ಟಿಗೆಯಲ್ಲಿ ಆಂಪ್ ಎಲ್ಲಿದೆ ತೋರಿಸಿ ನೋಡೋಣ. ದುಬಾರಿ ಬೋರ್ಡುಗಳಲ್ಲಿ ಮಾತ್ರ '60 ಆಂಪ್', '90 ಆಂಪ್' ಅಂತ ಜಂಬ ಇರುತ್ತೆ. ಅಗ್ಗದ ಬೋರ್ಡು ಕೊಳ್ಳೋನಿಗೆ, ಅಂದರೆ ಆ ಅಂಕಿ ನಿಜವಾಗಿ ಬೇಕಾದವನಿಗೆ, ಬರೀ ಫೇಸು.

ವಿಮರ್ಶಕರು? ಪೆಟ್ಟಿಗೆ ಬಿಚ್ಚಿ, ಪೋರ್ಟ್ ಎಣಿಸಿ, ಲೈಟ್ ಹೊಳೆಸಿ "ಒಳ್ಳೇ ಬೋರ್ಡು" ಅನ್ನೋರ ಬಗ್ಗೆ ಮಾತಾಡಿ ಪ್ರಯೋಜನ ಇಲ್ಲ. ಆದರೆ ಆಸ್ಟ್ರೇಲಿಯಾದ ಹಾರ್ಡ್‌ವೇರ್ ಅನ್‌ಬಾಕ್ಸ್ಡ್ ಥರದವರು ಅಗ್ಗದ ಬೋರ್ಡುಗಳನ್ನೂ ಸಾಲಾಗಿಟ್ಟು, ದೊಡ್ಡ ಪ್ರೊಸೆಸರ್ ಹಾಕಿ, ವಿಆರ್‌ಎಂ ಬಿಸಿ ಅಳೆದು ತೋರಿಸ್ತಾರೆ. ಅವರಿಗೆ ನನ್ನ ನಮಸ್ಕಾರ. ಇಂಥ ಪರೀಕ್ಷೆ ಓದುವಾಗ ಮಾತ್ರ ಒಂದು ಕೂಡಿಕೆ ನಾವೇ ಮಾಡಬೇಕು. ಪರೀಕ್ಷೆಯ ಕೋಣೆ ಸಾಮಾನ್ಯವಾಗಿ 20ರಿಂದ 25 ಡಿಗ್ರಿ ಇರುತ್ತೆ. 22 ಡಿಗ್ರಿ ಕೋಣೆಯಲ್ಲಿ 85 ತೋರಿಸಿದ ಬೋರ್ಡು, ಜಗಳೂರಿನ 38 ಡಿಗ್ರಿ ಕೋಣೆಯಲ್ಲಿ 101ರ ಹತ್ತಿರ ಹೋಗುತ್ತೆ. ಅವರು "ಪಾಸ್" ಅಂದದ್ದು ಇಲ್ಲಿ ಫೇಲ್. ಹಾಗಾಗಿ ನೋಡಬೇಕಾದ್ದು 85 ಅನ್ನೋ ಅಂಕಿಯನ್ನಲ್ಲ, ಕೋಣೆಗಿಂತ ಎಷ್ಟು ಮೇಲೆ ಹೋಯ್ತು ಅನ್ನೋದನ್ನ. ಇಲ್ಲಿ ಅದು 63. ಅದಕ್ಕೆ ನಿಮ್ಮ ಮನೆಯ ಏಪ್ರಿಲ್ ಮಧ್ಯಾಹ್ನವನ್ನ ಕೂಡಿಸಿ.

ನ್ಯಾಮತಿ ಕಡೆ ಹೆಂಚಿನ ಮನೆಯಲ್ಲಿ, ಮಳೆಗಾಲದಲ್ಲಿ ಇದೇ ಬೋರ್ಡು ಚೆನ್ನಾಗೇ ಓಡಬಹುದು. ಚನ್ನಗಿರಿಯ ನಮ್ಮ ಮನೆಯಲ್ಲಿ ಅಡಿಕೆ ಬೇಯಿಸೋ ಕಾಲಕ್ಕೆ ಕಿಟಕಿ ತೆಗೆದರೆ ಹೊಗೆ, ಮುಚ್ಚಿದರೆ ಸೆಖೆ. ಹೊನ್ನಾಳಿಯಲ್ಲಿ ತಂಗಿಯ ಮನೆ ಕಂಪ್ಯೂಟರ್ ಇರೋದು ಮರದ ಶೋಕೇಸ್ ಒಳಗೆ, ಗಾಳಿಗೆ ದಾರಿಯೇ ಇಲ್ಲ. ಬೋರ್ಡು ಒಂದೇ ಆದರೂ ಉತ್ತರ ನಾಲ್ಕು.

ಹಂಗಂತ ಕಂಡಕಂಡವರೆಲ್ಲ 16 ಫೇಸಿನ ಬೋರ್ಡು ತಗೊಳ್ಳಿ ಅಂತ ನಾನು ಹೇಳ್ತಿಲ್ಲ. ಐ5-12400ಎಫ್ ಮಿತಿ 117 ವಾಟ್. ಅದಕ್ಕೆ ಸ್ಕ್ರೂ ಹಾಕಿ ಕೂರಿಸಿದ ಹೀಟ್‌ಸಿಂಕ್ ಇರೋ ಸಾಧಾರಣ ಬೋರ್ಡು ಧಾರಾಳ ಸಾಕು, ಉಳಿದ ದುಡ್ಡು ಒಳ್ಳೆಯ ಎಸ್‌ಎಂಪಿಎಸ್‌ಗೆ ಹಾಕಿ. ಊರಿನ ಕರೆಂಟಿನ ಏರಿಳಿತವನ್ನು ಮೊದಲು ಎದುರಿಸೋದು ಅದು, ವಿಆರ್‌ಎಂ ಅಲ್ಲ. ಇನ್ನು ದುಬಾರಿ ವಿಆರ್‌ಎಂ ಇದ್ದ ಮಾತ್ರಕ್ಕೆ ಭದ್ರ ಅಂತಲೂ ಅಲ್ಲ. 2023ರಲ್ಲಿ ಎಎಂಡಿಯ ಕೆಲವು ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟಾಗ, ಬಯಾಸ್ ಬದಲಿಸಿ ಎಸ್‌ಒಸಿ ವೋಲ್ಟೇಜಿಗೆ 1.3 ವೋಲ್ಟಿನ ಬೇಲಿ ಹಾಕಬೇಕಾಯ್ತು. 2024ರಲ್ಲಿ ಇಂಟೆಲ್‌ನ 13, 14ನೇ ತಲೆಮಾರಿನ ಪ್ರೊಸೆಸರ್‌ಗಳ ತೊಂದರೆ ಬಂದಾಗಲೂ ಹೆಚ್ಚಿನ ವೋಲ್ಟೇಜ್ ತಡೆಯೋಕೆ ಮೈಕ್ರೋಕೋಡ್ ಬಿಡಬೇಕಾಯ್ತು, ಬೋರ್ಡುಗಳನ್ನು ಇಂಟೆಲ್ ಹೇಳಿದ ಮಿತಿಗೆ ಇಳಿಸಬೇಕಾಯ್ತು. ಪೈಪು ಎಷ್ಟೇ ದಪ್ಪ ಇರಲಿ, ಗೇಟ್ ವಾಲ್ವ್ ಯಾರ ಕೈಲಿದೆ ಅನ್ನೋದೂ ಮುಖ್ಯ. ಬೋರ್ಡು ತಂದ ದಿನವೇ ಬಯಾಸ್ ಅಪ್‌ಡೇಟ್ ಮಾಡಿ, ಪವರ್ ಲಿಮಿಟ್ ಎಷ್ಟಿದೆ ನೋಡಿ.

ಹುಡುಗನ ಬೋರ್ಡಿಗೂ ಕೊನೆಗೆ ಅದನ್ನೇ ಮಾಡಿದೆವು. ಬಯಾಸ್‌ನಲ್ಲಿ 180 ಇದ್ದದ್ದನ್ನ 100 ವಾಟಿಗೆ ಇಳಿಸಿ, ಮಾಸ್‌ಫೆಟ್ ಮೇಲೆ ಗಾಳಿ ಬೀಸೋ ಹಾಗೆ ಒಂದು ಚಿಕ್ಕ ಫ್ಯಾನ್ ಕಟ್ಟಿದೆವು. ಗೇಮಿನಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ. ಎಕ್ಸ್‌ಪೋರ್ಟ್ ಸ್ವಲ್ಪ ತಡ, ಆದರೆ ನಡುವೆ ಕುಸಿಯಲ್ಲ. ಆ ವಾರದ ಮೂರು ಮದುವೆ ಹೊತ್ತಿಗೆ ಸರಿಯಾಗಿ ತಲುಪಿಸಿದ. ಆದರೂ ಅವನು ದುಡ್ಡು ಕೊಟ್ಟಿದ್ದು 180 ವಾಟಿನ ಪ್ರೊಸೆಸರ್‌ಗೆ, ಬಳಸ್ತಾ ಇರೋದು ನೂರು. ಆ ನಷ್ಟ ನನ್ನ ಲೆಕ್ಕಕ್ಕೆ.

ಕ್ಯಾಬಿನೆಟ್ ಮುಚ್ಚೋ ಮುಂಚೆ ಅವನು ಬಿಳಿ ಟೇಪಿನ ಮೇಲೆ ಪೆನ್ನಲ್ಲಿ '100 ವಾಟ್, 40 ಡಿಗ್ರಿ' ಅಂತ ಬರೆದು ಒಳಗೆ ಅಂಟಿಸಿದ. ಕಂಪನಿ ಬರೆಯಬೇಕಿದ್ದದ್ದು ಅದೇ.