ಇಕೆಮ್ ಬಾರದ ವರ್ಷಗಳು

ಅಕ್ಟೋಬರ್ ಹೊತ್ತಿಗೆ ಫ್ರಾನ್ಸಿನ ಶಾತೊ ಡಿಕೆಮ್ ತೋಟದ ದ್ರಾಕ್ಷಿ ನೋಡಲು ಚೆನ್ನಾಗಿರುವುದಿಲ್ಲ. ಹಣ್ಣು ಮುದುಡಿ ಕಂದುಗಟ್ಟಿರುತ್ತದೆ, ಮೇಲೆ ಬೂದಿ ಬಣ್ಣದ ಬೂಷ್ಟು. ಬೇರೆ ಕಡೆ ಬೆಳೆಗಾರ ಕಿತ್ತೆಸೆಯುವ ಇಂಥ ಹಣ್ಣಿಗಾಗಿಯೇ ಇಲ್ಲಿನವರು ತಿಂಗಳುಗಟ್ಟಲೆ ಕಾಯುತ್ತಾರೆ. ಜಗತ್ತಿನ ಅತ್ಯಂತ ಹೆಸರುವಾಸಿಯಾದ ಸಿಹಿ ವೈನ್ ಇಕೆಮ್ ಹುಟ್ಟುವುದು ಅದರಿಂದಲೇ.

ಬೋರ್ಡೊ ನಗರದ ಆಗ್ನೇಯಕ್ಕೆ, ಸೊಟೆರ್ನ್ ಎಂಬ ಊರಿನ ಗುಡ್ಡದ ಮೇಲಿದೆ ಈ ತೋಟ. ಹತ್ತಿರದಲ್ಲೇ ಸಿರೊನ್ ಎಂಬ ಸಣ್ಣ ಹೊಳೆಯ ತಣ್ಣನೆಯ ನೀರು ಗರೋನ್ ನದಿಯ ಬೆಚ್ಚಗಿನ ನೀರಿಗೆ ಸೇರುತ್ತದೆ. ಶರತ್ಕಾಲದ ಬೆಳಗುಗಳಲ್ಲಿ ಅಲ್ಲಿಂದ ಮಂಜು ಏಳುತ್ತದೆ; ಆ ತೇವಕ್ಕೆ ಬೊಟ್ರೈಟಿಸ್ ಎಂಬ ಶಿಲೀಂಧ್ರ ಹಣ್ಣಿಗೆ ಹತ್ತಿಕೊಳ್ಳುತ್ತದೆ. ಮಧ್ಯಾಹ್ನ ಬಿಸಿಲು ಬಿದ್ದರೆ ಸರಿ. ಶಿಲೀಂಧ್ರ ಸಿಪ್ಪೆಯನ್ನು ತೂತು ಮಾಡಿರುವುದರಿಂದ ಒಳಗಿನ ನೀರು ಆರಿ, ಸಕ್ಕರೆಯೂ ಹುಳಿಯೂ ಗಟ್ಟಿಯಾಗುತ್ತವೆ. ಬಿಸಿಲಿನ ಬದಲು ಮಳೆ ಹಿಡಿದರೆ ಅದೇ ಬೂಷ್ಟು ಇಡೀ ಗೊಂಚಲನ್ನು ಕೊಳೆಸಿಬಿಡುತ್ತದೆ.

ಒಂದೇ ಗೊಂಚಲಿನ ಹಣ್ಣುಗಳೆಲ್ಲ ಒಂದೇ ದಿನ ಹದಕ್ಕೆ ಬರುವುದಿಲ್ಲ. ಹಾಗಾಗಿ ಕೊಯ್ಲಿನವರು ಸಣ್ಣ ಕತ್ತರಿ ಹಿಡಿದು ಸಾಲುಸಾಲಾಗಿ ನಡೆದು, ಹದವಾಗಿ ಬಾಡಿದ್ದನ್ನಷ್ಟೇ ಕತ್ತರಿಸಿಕೊಂಡು, ಪಕ್ಕದ ಹಣ್ಣನ್ನು ಬಳ್ಳಿಯಲ್ಲೇ ಬಿಟ್ಟು ಮುಂದೆ ಹೋಗುತ್ತಾರೆ. ಕೆಲವು ದಿನ ಬಿಟ್ಟು ಅದೇ ಬಳ್ಳಿಗೆ ಮರಳುತ್ತಾರೆ, ಆಮೇಲೆ ಮತ್ತೊಮ್ಮೆ. ಕೆಲವು ವರ್ಷ ಈ ಸುತ್ತಾಟ ನವೆಂಬರ್‌ವರೆಗೂ ಎಳೆಯುತ್ತದೆ. ಇಷ್ಟಾದ ಮೇಲೆ ಒಂದು ಬಳ್ಳಿಯಿಂದ ಸಿಗುವುದು ಸುಮಾರು ಒಂದು ಗ್ಲಾಸ್ ವೈನ್. ಇಕೆಮ್‌ನ ಬೆಲೆಯ ಬಗ್ಗೆ ಮಾತಾಡುವವರು ಈ ಗ್ಲಾಸಿನಿಂದ ಲೆಕ್ಕ ಶುರುಮಾಡಬೇಕು.

ಮನೆತನದ ಕಥೆ 1593ರಿಂದ ಆರಂಭ. ಆ ವರ್ಷ ಜಾಕ್ ಸೊವಾಜ್ ಎಂಬುವರಿಗೆ ಈ ಜಮೀನಿನ ಹಕ್ಕು ಸಿಕ್ಕಿತು. 1785ರಲ್ಲಿ ಆ ವಂಶದ ಫ್ರಾನ್ಸ್ವಾಜ್ ಜೋಸೆಫಿನ್ ಲೂರ್ ಸಲೂಸ್ ಮನೆತನದವರೊಬ್ಬರ ಕೈಹಿಡಿದರು. ಮೂರೇ ವರ್ಷಕ್ಕೆ ಗಂಡ ತೀರಿಕೊಂಡರು. ಹಿಂದೆಯೇ ಫ್ರೆಂಚ್ ಕ್ರಾಂತಿ ಬಂತು, ಆಕೆ ಜೈಲು ಕಂಡರು. ಆದರೂ ತೋಟ ಕೈತಪ್ಪಲು ಬಿಡಲಿಲ್ಲ. 1826ರಲ್ಲಿ ಹೊಸ ವೈನ್ ಕೋಠಿಯನ್ನೂ ಕಟ್ಟಿಸಿದರು. ಇಕೆಮ್ ಬಗ್ಗೆ ಬರೆಯುವವರು ಅಮೆರಿಕದ ಥಾಮಸ್ ಜೆಫರ್ಸನ್ 1784ರ ವೈನ್ ತರಿಸಿಕೊಂಡದ್ದನ್ನೂ, 1859ರಲ್ಲಿ ರಷ್ಯಾದ ಗ್ರ್ಯಾಂಡ್ ಡ್ಯೂಕ್ ಕಾನ್‌ಸ್ಟಂಟೈನ್ ಒಂದು ದೊಡ್ಡ ಪೀಪಾಯಿಯ ಅಳತೆಗೆ 20,000 ಚಿನ್ನದ ಫ್ರಾಂಕ್ ಕೊಟ್ಟದ್ದನ್ನೂ ಬಿಡದೆ ಹೇಳುತ್ತಾರೆ. ಆದರೆ ಕೊಂಡವರಿಗಿಂತ ಈ ವಿಧವೆ ದೊಡ್ಡವರು. ಅವರು ಇಲ್ಲದಿದ್ದರೆ ಡ್ಯೂಕನಿಗೆ ಕೊಳ್ಳಲು ಇಕೆಮ್ ಉಳಿದಿರುತ್ತಿತ್ತೋ ಇಲ್ಲವೋ.

1855ರಲ್ಲಿ ಬೋರ್ಡೊ ವೈನುಗಳಿಗೆ ದರ್ಜೆ ಗೊತ್ತುಮಾಡಿದಾಗ, ಲಾಫಿತ್, ಲಾತೂರ್‌ನಂಥ ಹೆಸರುಗಳಿಗೆ ಮೊದಲ ದರ್ಜೆ ಸಿಕ್ಕಿತು. ಇಕೆಮ್ ಒಂದಕ್ಕೇ ಅದಕ್ಕೂ ಮೇಲಿನ ದರ್ಜೆ. ಅಂದಿನ ಮಾರುಕಟ್ಟೆಯ ಬೆಲೆಯೇ ಆ ಪಟ್ಟಿಗೆ ಆಧಾರವಾಗಿತ್ತು ಎಂಬುದನ್ನು ಮರೆಯಬಾರದು. ಆಗ ಸಿಕ್ಕ ಪದವಿಯನ್ನು ಉಳಿಸಿಕೊಂಡದ್ದು ಮಾತ್ರ ಬೇರೆ ಗುಣದಿಂದ: ಚೆನ್ನಾಗಿ ಬಾರದ ವೈನಿಗೆ ತನ್ನ ಹೆಸರು ಕೊಡದಿರುವ ಹಟದಿಂದ. 20ನೇ ಶತಮಾನದಲ್ಲಿ 1910, 1915, 1930, 1951, 1952, 1964, 1972, 1974, 1992, ಇಷ್ಟೂ ವರ್ಷಗಳ ಇಕೆಮ್ ಬಾಟಲಿ ಇಲ್ಲ. ವರ್ಷವಿಡೀ ಕೂಲಿ ಕೊಟ್ಟು, ಕೊನೆಗೆ ಮಾರುವುದಿಲ್ಲ ಎನ್ನುವುದಕ್ಕೆ ಗಟ್ಟಿ ಗುಂಡಿಗೆ ಬೇಕು.

1999ರ ಹೊತ್ತಿಗೆ ತೋಟ ಐಷಾರಾಮಿ ಸರಕಿನ ದೈತ್ಯ ಎಲ್‌ವಿಎಂಎಚ್ ಕೈಸೇರಿತು. ಇದರ ವಿರುದ್ಧ ವರ್ಷಗಳ ಕಾಲ ಜಗ್ಗಾಡಿದ ಕೌಂಟ್ ಅಲೆಕ್ಸಾಂಡರ್ ಡಿ ಲೂರ್ ಸಲೂಸ್ 2004ರವರೆಗೆ ಆಡಳಿತ ನೋಡಿಕೊಂಡು ನಿವೃತ್ತರಾದರು. ಕೈಚೀಲ, ಸುಗಂಧದ್ರವ್ಯ ಮಾರುವ ಕಂಪನಿ ಕೊಯ್ಲಿನಲ್ಲಿ ಕಾಯುತ್ತದೆಯೇ ಎಂಬ ಅನುಮಾನ ಸಹಜವಾಗಿತ್ತು. 2012ರಲ್ಲಿ ಹವಾಮಾನ ಕೈಕೊಟ್ಟಾಗ ಪಿಯೇರ್ ಲೂರ್ತೋಂ ಮುಂದಾಳುತನದ ತಂಡ ಆ ವರ್ಷದ ಇಕೆಮ್ ಬಿಡುಗಡೆ ಮಾಡುವುದಿಲ್ಲವೆಂದಿತು. ಅನುಮಾನಕ್ಕೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ರುಚಿಯ ಮಾತಿಗೆ ಬಂದರೆ, ಬರೀ ಸಿಹಿಯಾಗಿದ್ದರೆ ಇಕೆಮ್ ಎರಡನೇ ಗುಟುಕಿಗೇ ಬೇಸರ ತರಿಸುತ್ತಿತ್ತು. ಜೇನು, ಏಪ್ರಿಕಾಟ್, ಕೇಸರಿಯ ಪರಿಮಳದ ಅಡಿಯಲ್ಲಿ ಹರಿತವಾದ ಹುಳಿಯಿದೆ. ನಾಲಿಗೆಯನ್ನು ತೊಳೆದು ಮತ್ತೆ ಸಿದ್ಧಮಾಡುವುದು ಅದೇ. ಆ ಹುಳಿಯೂ ಸಕ್ಕರೆಯೂ ಸೇರಿ ಒಳ್ಳೆಯ ವರ್ಷದ ಬಾಟಲಿಯನ್ನು ನೂರು ವರ್ಷ ಕಾಪಾಡಬಲ್ಲವು. ಬಂಗಾರದ ಬಣ್ಣ ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ.

ಆಕ್ಷೇಪ ಇರುವುದು ಬಾಟಲಿಯ ಸುತ್ತ ಬೆಳೆದ ವ್ಯಾಮೋಹಕ್ಕೆ. 2011ರಲ್ಲಿ 1811ರ ಒಂದು ಬಾಟಲಿ 75,000 ಪೌಂಡಿಗೆ ಹೋದಾಗ ಸುದ್ದಿಯಾದದ್ದು ಬೆಲೆ, ಬೆಳೆಯಲ್ಲ. ಇತ್ತ ಸಿಹಿ ವೈನಿಗೆ ಬೇಡಿಕೆ ತಗ್ಗಿ ಸೊಟೆರ್ನ್‌ನ ಹಲವು ತೋಟಗಳು ಸಿಹಿಯಿಲ್ಲದ ಬಿಳಿ ವೈನಿನತ್ತ ಹೊರಳಿವೆ. ಇಕೆಮ್‌ನ ಕೀರ್ತಿ ನೆರೆಯವರ ಹೊಟ್ಟೆ ತುಂಬಿಸಿಲ್ಲ. ಬೇಲಿಯಾಚೆಯ ಸುದುಇರೊ, ಗಿರೊ, ರಿಯೂಸೆಕ್ ತೋಟಗಳ ಮೇಲೂ ಅದೇ ಮಂಜು ಇಳಿಯುತ್ತದೆ, ಅದೇ ಬೂಷ್ಟು ಕೂರುತ್ತದೆ, ಅಲ್ಲೂ ಕೊಯ್ಲಿನವರು ಒಂದೇ ಬಳ್ಳಿಗೆ ಮತ್ತೆಮತ್ತೆ ಮರಳುತ್ತಾರೆ. ಅವರ ಬಾಟಲಿಗಳು ಇಕೆಮ್‌ನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ. ಸೊಟೆರ್ನ್‌ನ ರುಚಿ ಅರಿಯಬೇಕೆನ್ನುವವರು ಅಲ್ಲಿಂದಲೇ ಶುರುಮಾಡಬಹುದು.